ಮುನ್ನೂರಾರು ಕಿಲೊಮೀಟರು, ಒಂದು ಗಂಟೆ

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸೂರ್ಯನು ನೆತ್ತಿಯ ರೇಖೆಯನ್ನು ದಾಟಿದ ೧೧ ನಿಮಿಷ ೧೬ ಸೆಕೆಂಡುಗಳ ತರುವಾಯ ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ಅದೇ ರೇಖೆಯನ್ನು ದಾಟುತ್ತಾನೆ. ಇದು ಗಡಿಯಾರದ ಮಾತಲ್ಲ, ನೆಲದಲ್ಲಿ ನೆಟ್ಟ ಕೋಲಿನ ನೆರಳಿನ ಮಾತು. ಎರಡೂ ಊರುಗಳ ಗಡಿಯಾರಗಳು ಒಂದೇ ಪ್ರಮಾಣಕಾಲವನ್ನು ತೋರಿಸುತ್ತವೆ. ನೆರಳಿಗೆ ಆ ಕಟ್ಟುಪಾಡಿಲ್ಲ. ಹೀಗೆ ಸೂರ್ಯನಿಗೆ—ದಿಟವಾಗಿ ಹೇಳುವುದಾದರೆ ತಿರುಗುವ ಭೂಮಿಗೆ—ಹನ್ನೊಂದು ನಿಮಿಷ ಹಿಡಿಯುವ ಈ ದಾರಿಯನ್ನು ಕ್ರಮಿಸಲು ಹಾಸನ, ಸಕಲೇಶಪುರಗಳನ್ನು ಹಾಯ್ದು ಶಿರಾಡಿ ಘಾಟಿಯನ್ನಿಳಿಯುವ ಬಸ್ಸಿಗೆ ಏಳೆಂಟು ಗಂಟೆಗಳು ಬೇಕು. ವಿಮಾನದ ವೇಳಾಪಟ್ಟಿಯನ್ನು ತೆಗೆದು ನೋಡಿದರೆ ಅಲ್ಲಿ ಒಂದು ಗಂಟೆ ಎಂದೋ, ಅದಕ್ಕೆ ಐದು ಹತ್ತು ನಿಮಿಷ ಹೆಚ್ಚಾಗಿಯೋ ಅಚ್ಚಾಗಿರುತ್ತದೆ.

ಭೌತಶಾಸ್ತ್ರದ ಮೊದಲ ಪಾಠವನ್ನು ಓದಿದ ವಿದ್ಯಾರ್ಥಿಗೆ ಇಲ್ಲಿ ಒಂದು ಸಂದೇಹ ಮೂಡಬೇಕು. ಎರಡು ನಿಲ್ದಾಣಗಳ ನಡುವಣ ದೂರ ೩೦೬ ಕಿ.ಮೀ. ಇಂದಿನ ಜೆಟ್ ವಿಮಾನ ಗಂಟೆಗೆ ಸುಮಾರು ೮೩೦ ಕಿ.ಮೀ. ವೇಗದಲ್ಲಿ ಹಾರಬಲ್ಲದು. ದೂರವನ್ನು ವೇಗದಿಂದ ಭಾಗಿಸಿದರೆ ೨೨ ನಿಮಿಷ ಬರುತ್ತದೆ. ಉಳಿದ ನಲವತ್ತು ನಿಮಿಷ ಎಲ್ಲಿ ಹೋಯಿತು? ವಿಮಾನ ಕಂಪೆನಿಗಳ ಉದಾಸೀನ, ನಿಲ್ದಾಣದ ನೂಕುನುಗ್ಗಲು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ನಲವತ್ತು ನಿಮಿಷಗಳಲ್ಲಿ ಬಹುಪಾಲು ಪ್ರಕೃತಿನಿಯಮಗಳಿಗೆ ಸಲ್ಲಬೇಕಾದ ಕಂದಾಯ; ಅದನ್ನು ಸಲ್ಲಿಸದೆ ತಪ್ಪಿಸಿಕೊಳ್ಳಲು ಹೋದರೆ ಏನಾಗುತ್ತದೆಂಬುದನ್ನೂ ಮುಂದೆ ನೋಡುವೆವು.

ಮೊದಲು ದೂರದ ಮಾತು. ೩೦೬ ಎಂಬ ಸಂಖ್ಯೆಯನ್ನು ಯಾರೂ ಸರಪಣಿ ಹಿಡಿದು ಅಳೆದುದಲ್ಲ. ಭೂಪಟದ ಅಕ್ಷಾಂಶ ರೇಖಾಂಶಗಳಿಂದ, ಕಾಗದ ಪೆನ್ಸಿಲುಗಳ ನೆರವಿನಿಂದ, ಯಾವ ವಿದ್ಯಾರ್ಥಿಯಾದರೂ ಇದನ್ನು ಪಡೆಯಬಹುದು. ಬೆಂಗಳೂರು ನಿಲ್ದಾಣದ ಸ್ಥಾನ ಉತ್ತರ ಅಕ್ಷಾಂಶ ೧೩° ೧೨′, ಪೂರ್ವ ರೇಖಾಂಶ ೭೭° ೪೨′. ಮಂಗಳೂರಿನದು ೧೨° ೫೮′ ಮತ್ತು ೭೪° ೫೩′. ಅಕ್ಷಾಂಶದ ಅಂತರ ೧೪ ಕಲೆಗಳು (ಒಂದು ಅಂಶದ ಅರವತ್ತನೆಯ ಪಾಲೇ ಕಲೆ). ರೇಖಾಂಶದ ಅಂತರ ೧೬೯ ಕಲೆಗಳು. ನಾವಿಕರೂ ವೈಮಾನಿಕರೂ ಬಳಸುವ ನಾಟಿಕಲ್ ಮೈಲಿಯ ಸೊಗಸು ಇಲ್ಲಿ ತಿಳಿಯುತ್ತದೆ. ಅಕ್ಷಾಂಶದ ಒಂದು ಕಲೆಯೆಂದರೆ ನೆಲದ ಮೇಲೆ ಒಂದು ನಾಟಿಕಲ್ ಮೈಲಿ. ೧೯೨೯ರಲ್ಲಿ ಅದರ ಉದ್ದವನ್ನು ೧೮೫೨ ಮೀಟರು ಎಂದು ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಲಾಯಿತು. ಆದುದರಿಂದ ಉತ್ತರ-ದಕ್ಷಿಣ ಅಂತರ ೧೪ ಮೈಲಿ ಎಂದು ಕೂಡಲೆ ಓದಿಬಿಡಬಹುದು. ಪೂರ್ವ-ಪಶ್ಚಿಮದ ಲೆಕ್ಕ ಅಷ್ಟು ನೇರವಲ್ಲ. ರೇಖಾಂಶದ ರೇಖೆಗಳು ಸಮಭಾಜಕದಲ್ಲಿ ದೂರದೂರವಾಗಿದ್ದು ಧ್ರುವದ ಕಡೆಗೆ ಸಾಗಿದಂತೆ, ಕೊಡೆಯ ಕಡ್ಡಿಗಳಂತೆ, ಹತ್ತಿರವಾಗುತ್ತವೆ. ಆದಕಾರಣ ೧೬೯ನ್ನು ಅಲ್ಲಿನ ಅಕ್ಷಾಂಶದ ಕೊಸೈನಿನಿಂದ ಗುಣಿಸಬೇಕು. ೧೩° ೫′ರ ಕೊಸೈನು ೦.೯೭೪, ಗುಣಲಬ್ಧ ೧೬೪.೬. ಇನ್ನು ಪೈಥಾಗೊರಸನ ಪ್ರಮೇಯವನ್ನು ಹಚ್ಚಿದರೆ ೧೬೫ ನಾಟಿಕಲ್ ಮೈಲಿ, ಎಂದರೆ ೩೦೬ ಕಿ.ಮೀ. ಬಂದಿತು.

ದುಂಡಗಿನ ಭೂಮಿಯ ಮೇಲೆ ಚಪ್ಪಟೆ ಕಾಗದದ ಪ್ರಮೇಯವನ್ನು ಹಚ್ಚಬಹುದೇ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ಮೆಚ್ಚತಕ್ಕದ್ದೇ. ಗೋಳದ ಮೇಲೆ ಎರಡು ಬಿಂದುಗಳ ನಡುವಣ ಅತಿ ಹತ್ತಿರದ ದಾರಿ ಮಹಾವೃತ್ತದ ಕಂಸ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕಾದ ವಿಮಾನಕ್ಕೆ ಈ ಭೇದ ಬಹಳ ದೊಡ್ಡದು. ೨೦೨೧ರ ಜನವರಿಯಲ್ಲಿ ಮಹಿಳೆಯರೇ ವೈಮಾನಿಕರಾಗಿ ಆ ನಗರದಿಂದ ಬೆಂಗಳೂರಿಗೆ ನೇರವಾಗಿ ತಂದ ವಿಮಾನವು ಉತ್ತರಧ್ರುವದ ಮೇಲಿನಿಂದಲೇ ಬಂದಿತು. ನಮ್ಮ ಪುಟ್ಟ ದಾರಿಯಲ್ಲಾದರೋ ಈ ಭೇದ ನಗೆ ಬರಿಸುವಷ್ಟು ಅಲ್ಪ. ಒಂದೇ ಅಕ್ಷಾಂಶದ ಮೇಲೆ ನೇರ ಪಶ್ಚಿಮಕ್ಕೆ ಇಷ್ಟು ದೂರ ಹಾರುವುದಕ್ಕೂ ಮಹಾವೃತ್ತದ ಮೇಲೆ ಹಾರುವುದಕ್ಕೂ ಇರುವ ವ್ಯತ್ಯಾಸ ಎರಡು ಮೀಟರಿಗೂ ಕಡಿಮೆ. ಇನ್ನೂ ಒಂದು ಸ್ವಾರಸ್ಯವುಂಟು. ಎರಡು ನಿಲ್ದಾಣಗಳ ನಡುವೆ ನೂಲು ಹಿಡಿದಂತೆ ನೆಟ್ಟಗೆ ಸುರಂಗವೊಂದನ್ನು ಕೊರೆದೆವೆಂದು ಭಾವಿಸೋಣ. ಗುಡ್ಡಬೆಟ್ಟಗಳನ್ನು ಲೆಕ್ಕಕ್ಕೆ ಹಿಡಿಯದೆ ಭೂಮಿಯನ್ನು ನುಣುಪಾದ ಗೋಳವೆಂದೇ ಎಣಿಸಿದರೆ, ಈ ಸುರಂಗ ನಡುದಾರಿಯಲ್ಲಿ ೧.೮ ಕಿ.ಮೀ. ಆಳಕ್ಕೆ ಇಳಿಯುತ್ತದೆ. ಅಷ್ಟು ಆಳಕ್ಕಿಳಿದು ಉಳಿಸಿದ ದೂರವೆಷ್ಟು? ಬರಿಯ ೨೯ ಮೀಟರು!

ನಿಲ್ದಾಣವೇ ಸ್ಥಳ ಬದಲಿಸಿದರೆ ದೂರವೂ ಬದಲಾಗುವುದಷ್ಟೆ. ೨೦೦೮ರ ಮೇ ತಿಂಗಳವರೆಗೆ ಬೆಂಗಳೂರಿನ ಪ್ರಯಾಣಿಕರು ಎಚ್.ಎ.ಎಲ್. ನಿಲ್ದಾಣದಿಂದ ಹೊರಡುತ್ತಿದ್ದರು, ಅಲ್ಲಿಂದ ಬಜಪೆಗೆ ೩೦೧ ಕಿ.ಮೀ. ದೇವನಹಳ್ಳಿಗೆ ಹೋದ ಮೇಲೆ ವಿಮಾನಕ್ಕೆ ಹೆಚ್ಚಾದುದು ಐದು ಕಿಲೊಮೀಟರು. ಊರ ನಡುವಿನಿಂದ ಹೊರಡುವ ಪ್ರಯಾಣಿಕನಿಗೆ ಹೆಚ್ಚಾದುದು ಅದರ ಎಷ್ಟೋ ಪಾಲು. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಲೆಕ್ಕ ಹಾಕಿದರೆ ವಿಮಾನಪ್ರಯಾಣವೂ ನಾಲ್ಕೈದು ಗಂಟೆಯ ಕೆಲಸವೇ ಸರಿ. ಅದಿರಲಿ, ನಮಗಿಲ್ಲಿ ಬೇಕಾದುದು ವಿಮಾನದ ಗಂಟೆ, ಪ್ರಯಾಣಿಕನ ಗಂಟೆಯಲ್ಲ.

ಜೆಟ್ ವಿಮಾನ ೮೩೦ ಕಿ.ಮೀ. ವೇಗವನ್ನು ಪಡೆಯುವುದು ಎತ್ತರದ ತೆಳುಗಾಳಿಯಲ್ಲಿ. ಸಮುದ್ರಮಟ್ಟದಿಂದ ೮ ಕಿ.ಮೀ. ಮೇಲಕ್ಕೆ ಹೋದರೆ ಗಾಳಿಯ ಸಾಂದ್ರತೆ ನೆಲದ ಮೇಲಿದ್ದುದರ ಅರ್ಧಕ್ಕಿಂತ ಕಡಿಮೆ. ತಡೆಯೂ ಅದೇ ಪ್ರಮಾಣದಲ್ಲಿ ಕಡಿಮೆ. ಆದರೆ ಆ ಎತ್ತರವನ್ನು ಏರಬೇಕಲ್ಲ! ಏರಿದ ಮೇಲೆ ಇಳಿಯಲೂ ಬೇಕು. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟ ವಿಮಾನ ೨೬,೦೦೦ ಅಡಿ ಎತ್ತರಕ್ಕೆ ಏರುವುದೆಂದು ಇಟ್ಟುಕೊಳ್ಳೋಣ. (ಪಶ್ಚಿಮಕ್ಕೆ ಹೋಗುವವಕ್ಕೆ ಸಮಸಂಖ್ಯೆಯ ಸಾವಿರ ಅಡಿಗಳು, ಪೂರ್ವಕ್ಕೆ ಹೋಗುವವಕ್ಕೆ ಬೆಸಸಂಖ್ಯೆಯವು ಎಂಬುದು ವಾಯುಮಾರ್ಗದ ಕಟ್ಟಳೆ, ಎದುರುಬದುರಾಗಿ ಬರುವ ಎರಡು ವಿಮಾನಗಳು ಒಂದೇ ಎತ್ತರದಲ್ಲಿ ಸಂಧಿಸಬಾರದೆಂಬ ಉದ್ದೇಶ.) ೨೬,೦೦೦ ಅಡಿಯೆಂದರೆ ೭.೯ ಕಿ.ಮೀ. ಬೆಂಗಳೂರಿನ ನಿಲ್ದಾಣವೇ ಸಮುದ್ರಮಟ್ಟದಿಂದ ೯೧೫ ಮೀಟರು ಎತ್ತರದಲ್ಲಿರುವುದರಿಂದ ಏರತಕ್ಕದ್ದು ೭ ಕಿ.ಮೀ. ಇದಕ್ಕೆ ಸುಮಾರು ೧೩ ನಿಮಿಷ ಬೇಕು. ಅಷ್ಟರಲ್ಲಿ ವಿಮಾನ ಹೆಚ್ಚುಕಡಿಮೆ ೧೧೫ ಕಿ.ಮೀ. ಮುಂದೆ ಸಾಗಿರುತ್ತದೆ.

ಇಳಿತದ ಲೆಕ್ಕ ಇನ್ನೂ ಖಚಿತವಾದುದು. ವಿಮಾನ ನೆಲಕ್ಕಿಳಿಯುವ ಇಳಿಜಾರಿನ ಕೋನ ಮೂರು ಅಂಶ. ೩°ಯ ಟ್ಯಾಂಜೆಂಟು ೦.೦೫೨೪, ಎಂದರೆ ಒಂದು ಕಿಲೊಮೀಟರು ಎತ್ತರವನ್ನು ಕಳೆದುಕೊಳ್ಳಲು ೧೯ ಕಿಲೊಮೀಟರು ಮುಂದುವರಿಯಬೇಕು. ಬಜಪೆಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು ೧೦೦ ಮೀಟರು ಎತ್ತರದಲ್ಲಿದೆ. ಇಳಿಯತಕ್ಕದ್ದು ೭.೮ ಕಿ.ಮೀ.; ಅದಕ್ಕೆ ಬೇಕಾದ ದಾರಿ ೧೪೮ ಕಿ.ಮೀ. ಹೀಗೆ ಏರಲು ೧೧೫, ಇಳಿಯಲು ೧೪೮ ಹೋದರೆ ಉಳಿದುದು ೪೩ ಕಿಲೊಮೀಟರು. ತನ್ನ ಪೂರ್ಣವೇಗದ ಸಮೀಪದಲ್ಲಿ ವಿಮಾನ ಹಾರುವುದು ಈ ನಲವತ್ತಮೂರು ಕಿಲೊಮೀಟರಿನಲ್ಲಿ ಮಾತ್ರ, ಮೂರೂವರೆ ನಿಮಿಷ! ಪರಿಚಾರಿಕೆ ನೀರಿನ ಲೋಟವನ್ನು ಕೈಗಿತ್ತು ಹಿಂದಿರುಗಿ ಬರುವುದರೊಳಗೆ ವಿಮಾನ ಇಳಿಯಲು ತೊಡಗಿರುತ್ತದೆಂದು ಈ ದಾರಿಯಲ್ಲಿ ಓಡಾಡಿದವರು ಹೇಳುವುದು ಅತಿಶಯೋಕ್ತಿಯಲ್ಲ.

ಇಳಿಯುವಾಗ ವೇಗವೂ ಇಳಿಯಬೇಕು. ೧೦,೦೦೦ ಅಡಿಗಿಂತ ಕೆಳಗೆ ಗಂಟೆಗೆ ೨೫೦ ನಾಟಿಕಲ್ ಮೈಲಿ, ಎಂದರೆ ೪೬೩ ಕಿ.ಮೀ. ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ನೆಲ ಮುಟ್ಟುವಾಗ ೨೬೦ ಕಿ.ಮೀ.ಗೆ ಇಳಿದಿರಬೇಕು. ಇದನ್ನೆಲ್ಲ ಸರಾಸರಿ ಹಿಡಿದರೆ ಇಳಿತಕ್ಕೆ ಹದಿನೆಂಟು ಹತ್ತೊಂಬತ್ತು ನಿಮಿಷ. ಮೂರನ್ನೂ ಕೂಡಿಸಿದರೆ ಮೂವತ್ತೈದು ನಿಮಿಷವಾಯಿತು. ಬೆಂಗಳೂರಿನ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಹಾಸಿವೆ. ವಿಮಾನ ಗಾಳಿಗೆ ಎದುರಾಗಿ ನೆಗೆಯಬೇಕು. ಚಳಿಗಾಲದ ಮೂಡಣಗಾಳಿ ಬೀಸುವ ದಿನ ಮಂಗಳೂರಿಗೆ ಹೋಗಬೇಕಾದ ವಿಮಾನ ಮೊದಲು ಕೋಲಾರದ ಕಡೆಗೆ ನೆಗೆದು ಆಮೇಲೆ ಹಿಂದಿರುಗಬೇಕು. ಬಜಪೆಯಲ್ಲಿಯೂ ಹೀಗೆಯೇ ಸುತ್ತು. ಇದಕ್ಕೆ ಐದಾರು ನಿಮಿಷ ಸೇರಿಸೋಣ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ನಿಂತ ಜಾಗದಿಂದ ರನ್‌ವೇ ತುದಿಯವರೆಗೆ ಉರುಳಿ ಸರದಿಗಾಗಿ ಕಾಯಲು ಹದಿನೈದು ನಿಮಿಷ, ಮಂಗಳೂರಿನಲ್ಲಿ ಇಳಿದಮೇಲೆ ಉರುಳಲು ಐದು. ವೇಳಾಪಟ್ಟಿಯ ಒಂದು ಗಂಟೆ ತುಂಬಿಹೋಯಿತು. ಕಳೆದುಹೋಗಿದ್ದ ನಲವತ್ತು ನಿಮಿಷಗಳು ಪತ್ತೆಯಾದವು. ಈ ಸಂಖ್ಯೆಗಳು ದಿನದಿಂದ ದಿನಕ್ಕೆ ಎರಡು ಮೂರು ನಿಮಿಷ ಆಚೀಚೆಯಾಗಬಹುದು; ಒಟ್ಟು ಚಿತ್ರ ಬದಲಾಗದು.

ಬಜಪೆಯ ನಿಲ್ದಾಣ ಪ್ರಾರಂಭವಾದುದು ೧೯೫೧ರ ಡಿಸೆಂಬರ್ ೨೫ರಂದು. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಡಗ್ಲಸ್ ಡಿ.ಸಿ.-೩ ವಿಮಾನದಲ್ಲಿ ಅಲ್ಲಿ ಬಂದಿಳಿದರು. ಆ ವಿಮಾನ ಗಂಟೆಗೆ ೨೮೦ ಕಿ.ಮೀ.ಯಷ್ಟು ವೇಗದಲ್ಲಿ ಹಾರುತ್ತಿತ್ತು. ಅಂಥ ವಿಮಾನವೊಂದು ಹೆಚ್ಚು ಎತ್ತರಕ್ಕೇರದೆ ಬೆಂಗಳೂರಿನಿಂದ ಹೊರಟರೆ ಬಜಪೆಗೆ ಒಂದೂಕಾಲು ಗಂಟೆಯಲ್ಲಿ ತಲಪಬೇಕು. ಜೆಟ್ಟಿನ ವೇಗ ಇದರ ಮೂರು ಪಾಲು; ಆದರೆ ಉಳಿಸಿಕೊಟ್ಟದ್ದು ಕಾಲು ಗಂಟೆ. ಇಂದಿನ ಎ.ಟಿ.ಆರ್. ಎಂಬ ಪ್ರೊಪೆಲರ್ ವಿಮಾನದ ವೇಗ ಗಂಟೆಗೆ ಸುಮಾರು ೫೦೦ ಕಿ.ಮೀ. ಅದು ಅಷ್ಟೊಂದು ಎತ್ತರಕ್ಕೇರದು, ಇಂಧನವೂ ಕಡಿಮೆ. ಈ ದಾರಿಯಲ್ಲಿ ಜೆಟ್ಟಿಗಿಂತ ಅದು ಹತ್ತು ನಿಮಿಷ ತಡವಾದರೆ ಹೆಚ್ಚು. ಹತ್ತಿರದ ಊರುಗಳನ್ನು ಕೂಡಿಸಲು ಪ್ರೊಪೆಲರ್ ವಿಮಾನವೇ ಸಾಕು ಎಂಬುದು ಈ ಲೇಖಕನ ಅಭಿಪ್ರಾಯ. ವೇಗವೆಂಬುದು ದೂರದಾರಿಯ ಭಾಗ್ಯ.

ಇಳಿತವನ್ನು ಕುರಿತು ಇನ್ನಷ್ಟು ಹೇಳಬೇಕು. ಏಕೆಂದರೆ ವಿಷಯದ ಗುರುತ್ವವೆಲ್ಲ ಅಲ್ಲಿದೆ. ಏರುವಾಗ ಎಂಜಿನ್ನುಗಳು ಸುಟ್ಟ ಇಂಧನದ ಒಂದು ಭಾಗ ಸ್ಥಾನಶಕ್ತಿಯಾಗಿ ವಿಮಾನದಲ್ಲಿ ಸಂಚಿತವಾಗಿರುತ್ತದೆ. ಇಳಿಯುವಾಗ ಎಂಜಿನ್ನುಗಳು ಬಹುಮಟ್ಟಿಗೆ ವಿಶ್ರಮಿಸುತ್ತವೆ. ಸಂಚಿತ ಶಕ್ತಿಯನ್ನು ಗಾಳಿಯ ಘರ್ಷಣೆಗೆ ತೆರುತ್ತ ವಿಮಾನ ಜಾರುಬಂಡೆಯ ಮೇಲಿಂದ ಜಾರಿದಂತೆ ಬರುತ್ತದೆ. ಈ ಶಕ್ತಿಯನ್ನು ತೆರಲು ಕಾಲವೂ ದೂರವೂ ಬೇಕು. ಇಳಿಯಲು ತೊಡಗುವುದು ತಡವಾದರೆ ಇಲ್ಲವೆ ಎತ್ತರ ಮಿಗುತ್ತದೆ, ಇಲ್ಲವೆ ಅದನ್ನು ಕಳೆಯಲು ಮೂತಿ ತಗ್ಗಿಸಿದಾಗ ವೇಗ ಮಿಗುತ್ತದೆ. ಶಕ್ತಿ ಮಾತ್ರ ಮಾಯವಾಗುವುದಿಲ್ಲ.

ಬಜಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಕಡಿದು ಮಟ್ಟಮಾಡಿದ ಮೇಜಿನಂಥ ನೆಲ. ಉದ್ದ ೨೪೫೦ ಮೀಟರು, ಆಚೆಗೆ ಕಣಿವೆ. ೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವೊಂದು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಈ ರನ್‌ವೇಯನ್ನು ಸಮೀಪಿಸಿತು. ಆ ಇಳಿತವನ್ನು ಕೈಬಿಟ್ಟು ಮೇಲಕ್ಕೆದ್ದು ಇನ್ನೊಂದು ಸುತ್ತು ಬಂದಿದ್ದರೆ ಹತ್ತು ಹದಿನೈದು ನಿಮಿಷ ತಡವಾಗುತ್ತಿತ್ತು, ಅಷ್ಟೆ. ವಿಮಾನ ರನ್‌ವೇಯ ಸುಮಾರು ೧೬೦೦ ಮೀಟರುಗಳನ್ನು ಗಾಳಿಯಲ್ಲೇ ದಾಟಿ ಆಮೇಲೆ ನೆಲ ಮುಟ್ಟಿತು. ಉಳಿದುದು ೮೫೦ ಮೀಟರು. ಸೆಕೆಂಡಿಗೆ ೭೨ ಮೀಟರು ವೇಗದಲ್ಲಿ (ಗಂಟೆಗೆ ೨೬೦ ಕಿ.ಮೀ.) ನೆಲ ಮುಟ್ಟಿದ ವಿಮಾನವನ್ನು ಸೆಕೆಂಡಿಗೆ ೨ ಮೀಟರಿನಂತೆ ವೇಗ ಕುಂದಿಸಿ ನಿಲ್ಲಿಸಲು ಎಷ್ಟು ನೆಲ ಬೇಕೆಂದು ನೋಡಿ: ೭೨ರ ವರ್ಗವನ್ನು ೪ರಿಂದ ಭಾಗಿಸಿದರೆ ಸುಮಾರು ೧೩೦೦ ಮೀಟರು. ವೇಗ ನೂರಕ್ಕೆ ಹತ್ತು ಹೆಚ್ಚಾದರೆ ಬೇಕಾದ ನೆಲ ನೂರಕ್ಕೆ ಇಪ್ಪತ್ತೊಂದು ಹೆಚ್ಚುತ್ತದೆ. ಅಂದು ವಿಮಾನದಲ್ಲಿದ್ದ ೧೬೬ ಮಂದಿಯಲ್ಲಿ ೧೫೮ ಮಂದಿ ಮಡಿದರು. ಅಸ್ಥಿರವಾದ ಆ ಇಳಿತವನ್ನು ಕೈಬಿಡದೆ ಹೋದುದೇ ಕಾರಣವೆಂದು ತನಿಖೆ ನಿರ್ಣಯಿಸಿತು.

ಇನ್ನು ಗಾಳಿ. ಎದುರುಗಾಳಿಯಲ್ಲಿ ಹೋಗುವಾಗ ತಡವಾದುದು ಬೆನ್ನುಗಾಳಿಯಲ್ಲಿ ಬರುವಾಗ ಸರಿಹೋಗುತ್ತದೆಂದು ನೂರಕ್ಕೆ ತೊಂಬತ್ತು ಮಂದಿ ನಂಬಿರುತ್ತಾರೆ. ಲೆಕ್ಕ ಸುಲಭವಾಗಲೆಂದು ದೂರ ೩೦೦ ಕಿ.ಮೀ., ವೇಗ ಗಂಟೆಗೆ ೬೦೦ ಕಿ.ಮೀ. ಎಂದು ಹಿಡಿಯೋಣ. ಗಾಳಿಯಿಲ್ಲದ ದಿನ ಹೋಗಿಬರಲು ಒಂದು ಗಂಟೆ. ಗಂಟೆಗೆ ೧೦೦ ಕಿ.ಮೀ. ಗಾಳಿ ಬೀಸಿದರೆ ಹೋಗಲು ೩೬ ನಿಮಿಷ, ಬರಲು ೨೫.೭ ನಿಮಿಷ; ಒಟ್ಟು ೬೧.೭. ನಷ್ಟ ತೀರಲಿಲ್ಲ. ಗಾಳಿ ೩೦೦ ಕಿ.ಮೀ. ಆದರೆ ಹೋಗಲು ೬೦, ಬರಲು ೨೦. ಒಟ್ಟು ಎಂಬತ್ತು ನಿಮಿಷ. ಗಾಳಿಯ ವೇಗ ವಿಮಾನದ ವೇಗಕ್ಕೆ ಸಮನಾದರೆ ಹೋಗುವ ವಿಮಾನ ಅಂತರಾಳದಲ್ಲಿ ನಿಂತೇಬಿಡುತ್ತದೆ, ಬರುವ ಮಾತೆಲ್ಲಿ? ಕಾರಣ ಸರಳ: ಪ್ರತಿಕೂಲ ಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಅನುಕೂಲ ಗಾಳಿಯಲ್ಲಿ ಕಡಿಮೆ ಹೊತ್ತು. ಅಡ್ಡಗಾಳಿಯಲ್ಲಿ ಹೋಗಿಬಂದರೂ ನಷ್ಟವೇ, ಆದರೆ ಸ್ವಲ್ಪ ಕಡಿಮೆ: ಮೊದಲ ಉದಾಹರಣೆಯಲ್ಲಿ ೬೦.೯ ನಿಮಿಷ. ಉದ್ದಗಾಳಿ ಅಡ್ಡಗಾಳಿಗಳ ಈ ಭೇದವನ್ನೇ ಹಿಡಿದು, ವಿಮಾನದ ಬದಲು ಬೆಳಕಿನ ಕಿರಣವನ್ನೂ ಗಾಳಿಯ ಬದಲು ಈಥರನ್ನೂ ಇಟ್ಟು, ಮೈಕೆಲ್ಸನ್ ಮತ್ತು ಮಾರ್ಲಿ ೧೮೮೭ರಲ್ಲಿ ತಮ್ಮ ಹೆಸರಾಂತ ಪ್ರಯೋಗವನ್ನು ನಡೆಸಿದರು. ಅವರಿಗೆ ನಿರೀಕ್ಷಿಸಿದ ಭೇದ ದೊರೆಯಲಿಲ್ಲ. ವಿಮಾನಕ್ಕೆ ಗಾಳಿಯುಂಟು, ಬೆಳಕಿಗೆ ಈಥರಿಲ್ಲ.

ನಮ್ಮ ದಾರಿಯ ಮುಂಗಾರುಗಾಳಿ ಮಾತ್ರ ವಿಲಕ್ಷಣವಾದುದು. ಜೂನ್ ಜುಲೈ ತಿಂಗಳಲ್ಲಿ ನೆಲದಿಂದ ಒಂದೆರಡು ಕಿ.ಮೀ. ಎತ್ತರದವರೆಗೆ ಬಿರುಸಾದ ಪಡುವಣಗಾಳಿ. ಮಂಗಳೂರಿಗೆ ಹೋಗುವ ವಿಮಾನಕ್ಕೆ ಇದಿರು. ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಾದರೋ ಅದಕ್ಕೂ ರಭಸವಾದ ಮೂಡಣಗಾಳಿಯ ಹೊಳೆ. ಭಾರತದ ಪವನವಿಜ್ಞಾನಿ ಪಿ. ಕೋಟೇಶ್ವರಂ ಅವರು ೧೯೫೮ರಲ್ಲಿ ಇದನ್ನು ವಿವರಿಸಿದರು. ನಮ್ಮ ವಿಮಾನ ಹಾರುವುದು ಇವೆರಡರ ನಡುವಣ ಸ್ತರದಲ್ಲಿ. ಏರುವಾಗ ಒಂದು ಗಾಳಿ, ಮೇಲೆ ಮತ್ತೊಂದು, ಇಳಿಯುವಾಗ ಪುನಃ ಮೊದಲನೆಯದು. ಇಂದಿನ ಗಾಳಿ ಇಷ್ಟು ಎಂದು ಒಂದೇ ಸಂಖ್ಯೆಯನ್ನು ವೈಮಾನಿಕನಿಗೆ ಕೊಟ್ಟು ಕಳಿಸಲಾಗದು. ಎತ್ತರಕ್ಕೊಂದರಂತೆ ಪಟ್ಟಿ ಬೇಕು.

ಇಷ್ಟು ಲೆಕ್ಕ ಯಾರಿಗೆ ಬೇಕು ಎಂದರೆ, ಇಂಧನ ತುಂಬುವವರಿಗೆ ಬೇಕು. ವಿಮಾನದ ಎಂಜಿನ್ನು ದೂರವನ್ನು ಅರಿಯದು. ಅದು ಉರಿಯುವುದು ಗಂಟೆಗಿಷ್ಟು ಎಂದು. ಮುಂಗಾರಿನ ಸಂಜೆ ಬಜಪೆಯ ಗುಡ್ಡದ ಮೇಲೆ ಮೋಡ ಕವಿದು ರನ್‌ವೇ ಕಾಣದಾದರೆ ವಿಮಾನ ಆಕಾಶದಲ್ಲಿ ಸುತ್ತುತ್ತ ಕಾಯಬೇಕು. ಮೋಡ ತೆರೆಯದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಬೇಕು. ಕಣ್ಣೂರಿನ ನಿಲ್ದಾಣ ಸುಮಾರು ೧೩೫ ಕಿ.ಮೀ. ದೂರದಲ್ಲಿದೆ, ಹತ್ತಿರವೇ; ಆದರೆ ಅದೂ ಅದೇ ಕರಾವಳಿಯ ಬೆನ್ನಿಗಿರುವುದರಿಂದ ಬಜಪೆಯ ಮಳೆಯೇ ಅಲ್ಲಿಯೂ ಸುರಿಯುತ್ತಿರಬಹುದು. ಘಟ್ಟದ ಮೇಲಿನ ಬೆಂಗಳೂರು ದೂರವಾದರೂ ಅಲ್ಲಿನ ಹವೆಯೇ ಬೇರೆ. ಆದಕಾರಣ ಹೊರಡುವಾಗಲೇ ಹೋಗುವ ಇಂಧನ, ಬದಲಿ ನಿಲ್ದಾಣವನ್ನು ಮುಟ್ಟುವ ಇಂಧನ, ಅದಕ್ಕೂ ಮೇಲೆ ಅರ್ಧ ಗಂಟೆ ಗಾಳಿಯಲ್ಲಿ ತೇಲುವಷ್ಟು ಕಡೆಯ ಉಳಿಕೆ, ಇವೆಲ್ಲ ತೊಟ್ಟಿಯಲ್ಲಿರಬೇಕೆಂಬುದು ನಿಯಮ. ಹೋಗಲು ನಲವತ್ತು ನಿಮಿಷ, ಹಿಂದಿರುಗಲು ನಲವತ್ತು, ಉಳಿಕೆ ಮೂವತ್ತು. ಕಾಯುವ ಹೊತ್ತು ಬೇರೆ. ಶಾಲೆಯ ಲೆಕ್ಕದ ಇಪ್ಪತ್ತೆರಡು ನಿಮಿಷದ ದಾರಿಗೆ ವಿಮಾನ ಎರಡು ಗಂಟೆಯ ಇಂಧನವನ್ನು ಹೊತ್ತು ಏಳುತ್ತದೆ. ಕಾಯುತ್ತಿರುವ ವೈಮಾನಿಕನು ಬೆಂಗಳೂರಿನ ಕಡೆಗೆ ತಿರುಗಿದನೆಂದರೆ, ಇನ್ನೂ ಐದು ನಿಮಿಷ ಕಾಯಬಾರದಿತ್ತೇ ಎಂದು ಒಳಗೆ ಕುಳಿತವರು ಗೊಣಗುವುದುಂಟು. ಅವನ ಮುಂದಿನ ಅಂಕಿಗಳು ಆ ಐದು ನಿಮಿಷವನ್ನು ಆಗಲೇ ಎಣಿಸಿ ಮುಗಿಸಿರುತ್ತವೆ.

ವಾಚಕರು ತಾವೇ ಮಾಡಿ ನೋಡಲೆಂದು ಒಂದು ಲೆಕ್ಕ. ಹುಬ್ಬಳ್ಳಿಯ ನಿಲ್ದಾಣದ ಸ್ಥಾನ ಉತ್ತರ ಅಕ್ಷಾಂಶ ೧೫° ೨೨′, ಪೂರ್ವ ರೇಖಾಂಶ ೭೫° ೫′. ಮಂಗಳೂರಿಗೂ ಇದಕ್ಕೂ ರೇಖಾಂಶದ ಅಂತರ ಹನ್ನೆರಡೇ ಕಲೆ, ಸೂರ್ಯನಿಗೆ ೪೮ ಸೆಕೆಂಡುಗಳ ದಾರಿ. ಅಕ್ಷಾಂಶದ ಅಂತರ ೨° ೨೪′. ಎಂದರೆ ದೂರವನ್ನು ಕೊಸೈನಿನ ಗೊಡವೆಯಿಲ್ಲದೆ ೧೪೪ ನಾಟಿಕಲ್ ಮೈಲಿ, ೨೬೭ ಕಿ.ಮೀ. ಎಂದು ಹೇಳಬಹುದು. ಹುಬ್ಬಳ್ಳಿಯ ನೆಲ ಸಮುದ್ರಮಟ್ಟದಿಂದ ೬೬೦ ಮೀಟರು ಎತ್ತರ. ಮಂಗಳೂರಿನಿಂದ ಅಲ್ಲಿಗೆ ಹಾರುವ ಜೆಟ್ಟು ೨೫,೦೦೦ ಅಡಿಗೆ ಏರಿದರೆ ಸಮಮಟ್ಟದಲ್ಲಿ ಹಾರಲು ಅದಕ್ಕೆ ಎಷ್ಟು ದಾರಿ ಉಳಿಯುವುದು?